ಹಿಡಿದ ಕೆಲಸ

ಜಪಾನಿನ ಕೆಲವು ಅನಿಮೆ ಚಿತ್ರಗಳನ್ನು ಬೆಳಗಿನ ಹೊತ್ತು ನೋಡಬೇಕು ಎಂಬುದು ನನ್ನ ನಂಬಿಕೆ. ರಾತ್ರಿ ಊಟವಾದ ಮೇಲೆ ನೋಡುವುದಕ್ಕೆ ಬೇರೆ ಬೇಕಾದಷ್ಟಿವೆ. ನರುಟೊ ಇದೆ, ಒನ್ ಪೀಸ್ ಇದೆ. ಒಂದು ಕಂತು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ, ನಿದ್ದೆ ಕೆಡುತ್ತದೆ. ಆದರೆ ಹಯಾವೊ ಮಿಯಾಝಾಕಿ, ಇಸಾವೊ ತಕಹಾತ ಎಂಬ ಇಬ್ಬರು ನಿರ್ದೇಶಕರ ಕೆಲಸ ನೋಡುವಾಗ ಮುಖ ತೊಳೆದಿರಬೇಕು, ಮನೆ ಇನ್ನೂ ಮಾತಿಗೆ ಇಳಿದಿರಬಾರದು. ಪಾಂಡವಪುರದಲ್ಲಿ ಅಂಥ ಹೊತ್ತು ಸಿಗುವುದು ಐದೂವರೆಯಿಂದ ಆರೂವರೆಯೊಳಗೆ. ಆಮೇಲೆ ಡೇರಿಗೆ ಹಾಲು ಹಾಕುವವರ ಬೈಕು, ನಲ್ಲಿ ಹತ್ತಿರದ ಮಾತು, ಕುಕ್ಕರಿನ ಕೂಗು. ಒಂದು ಗಂಟೆಯಲ್ಲಿ ಸಿನಿಮಾ ಮುಗಿಯುವುದಿಲ್ಲ. ಬೆಳಗಿಗಿಷ್ಟು ಎಂದು ಹಂಚಿಕೊಂಡು ನೋಡುತ್ತೇನೆ. ಅರ್ಧಕ್ಕೆ ನಿಂತ ದೃಶ್ಯ ಇಡೀ ದಿನ ತಲೆಯಲ್ಲಿ ಓಡಾಡುತ್ತಿರುತ್ತದೆ, ಅದೂ ಒಂದು ಲಾಭವೇ.

ಈ ಗೀಳು ಅಂಟಿಸಿದವನು ಅಕ್ಕನ ಮಗ. ಕಾಲೇಜಿನ ಹುಡುಗ, ಮೊಬೈಲಿನಲ್ಲಿ ನೋಡುತ್ತಿದ್ದ, ಪಕ್ಕದಲ್ಲಿ ಕುಳಿತು ಇಣುಕಿದೆ, ಅಷ್ಟೆ. ಈಗ ಅವನಿಗೇ ನನ್ನ ಮೇಲೆ ಬೇಸರ. "ಮಾವ, ಫೈಟ್ ಬಂದ್ರೆ ಮುಂದಕ್ಕೆ ಓಡಿಸ್ತೀಯ, ಅನ್ನ ಬೇಯ್ಸೋದು ಬಂದ್ರೆ ವಾಪಸ್ ಹಾಕ್ತೀಯ. ಏನ್ ಕತೆ ನಿಂದು?" ಎಂದು ಒಮ್ಮೆ ರೇಗಿದ. ಅವನು ರೇಗಿದ್ದರಲ್ಲಿ ಸತ್ಯವಿದೆ. ನನಗೆ ಈ ಚಿತ್ರಗಳಲ್ಲಿ ಇಷ್ಟವಾಗುವುದು ಮಾಯ ಮಂತ್ರವಲ್ಲ, ಹಾರುವ ಕೋಟೆಯೂ ಅಲ್ಲ. ಇಲ್ಲಿ ಯಾರಾದರೂ ಒಂದು ಕೆಲಸ ಹಿಡಿದರೆ ಅದನ್ನು ಪೂರ್ತಿ ತೋರಿಸುತ್ತಾರೆ. ನೆಲ ಒರೆಸುವುದಿದ್ದರೆ ಬಟ್ಟೆ ಅದ್ದಿ, ಹಿಂಡಿ, ಬಗ್ಗಿ, ಈ ತುದಿಯಿಂದ ಆ ತುದಿಗೆ ಒರೆಸಿಕೊಂಡು ಹೋಗುವ ತನಕ. ನಮ್ಮ ಸಿನಿಮಾದಲ್ಲಿ ನಾಯಕ ರೈತನಾಗಿದ್ದರೂ ನೇಗಿಲು ಹಿಡಿಯುವುದು ಹಾಡಿನಲ್ಲಿ, ಅದೂ ಒಂದು ಸಾಲಿನ ಮಟ್ಟಿಗೆ. ಬೆಳೆ ತೆಗೆಯುವುದು, ನೀರು ಕಟ್ಟುವುದು, ಕಳೆ ಕೀಳುವುದು ಕಥೆಗೆ ಅಡ್ಡಿ ಎಂದು ಕತ್ತರಿಗೆ ಹೋಗುತ್ತದೆ.

'ಸ್ಪಿರಿಟೆಡ್ ಅವೇ' 2001ರ ಚಿತ್ರ. 2003ರಲ್ಲಿ ಆಸ್ಕರ್ ಪಡೆದದ್ದರಿಂದ ಅದರ ಹೆಸರು ಎಲ್ಲರಿಗೂ ಗೊತ್ತು. ಚಿಹಿರೊ ಎಂಬ ಹತ್ತು ವರ್ಷದ ಹುಡುಗಿ, ಹೊಟ್ಟೆಬಾಕತನದಿಂದ ಹಂದಿಗಳಾಗಿಬಿಟ್ಟ ಅಪ್ಪ ಅಮ್ಮನನ್ನು ಬಿಡಿಸಿಕೊಳ್ಳಲು ದೇವತೆಗಳ ಸ್ನಾನದ ಮನೆಯಲ್ಲಿ ಕೂಲಿಗೆ ಸೇರಬೇಕು. ಕೆಲಸ ಕೇಳಿಕೊಂಡು ಅವಳು ಮೊದಲು ಹೋಗುವುದು ನೀರು ಕಾಯಿಸುವ ಒಲೆಯ ಮನೆಗೆ. ಅಲ್ಲಿ ಆರು ಕೈಯ ಮುದುಕ ಕಮಾಜಿ. ಮಸಿಯಿಂದ ಹುಟ್ಟಿದ ಪುಟ್ಟ ಪುಟ್ಟ ಜೀವಿಗಳು ಕಲ್ಲಿದ್ದಲ ತುಂಡು ಹೊತ್ತು ತಂದು ಒಲೆಗೆ ಎಸೆಯುತ್ತವೆ. ಅದರಲ್ಲೊಂದು ಭಾರಕ್ಕೆ ಕುಸಿಯುತ್ತದೆ. ಹುಡುಗಿ ಕನಿಕರದಿಂದ ಆ ತುಂಡನ್ನು ತಾನೇ ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡ ಮೇಲೆ ಗೊತ್ತಾಗುತ್ತದೆ ಅದು ಎಷ್ಟು ಭಾರ ಎಂದು. ಎಲ್ಲಿಡಲಿ ಎಂದು ಕೇಳಿದರೆ ಮುದುಕ ಗದರುತ್ತಾನೆ, ಕೈಗೆತ್ತಿಕೊಂಡ ಮೇಲೆ ಮುಗಿಸು ಎನ್ನುತ್ತಾನೆ. ಅವಳು ತೂರಾಡುತ್ತ ಹೋಗಿ ಬೆಂಕಿಗೆ ಹಾಕಿ ಬರುತ್ತಾಳೆ. ಅಲ್ಲಿಯವರೆಗೆ ಅಳುಬುರುಕಿಯಾಗಿದ್ದ ಹುಡುಗಿಯ ಕಾಲು ಆ ಹೊತ್ತಿನಿಂದ ನೆಲಕ್ಕೆ ಊರುತ್ತದೆ. ಯಾರೂ ಅವಳಿಗೆ ಧೈರ್ಯ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ.

ಒಲೆಮನೆ ಎಂದರೆ ನಮ್ಮ ಸೀಮೆಯವರಿಗೆ ಆಲೆಮನೆಯ ನೆನಪು ಬಾರದೆ ಇರುತ್ತದೆಯೇ? ಗಾಣದಿಂದ ಹಾಲು ಇಳಿದು ಕೊಪ್ಪರಿಗೆಗೆ ಬೀಳುವುದು, ಅದು ಕಾದು ನೊರೆ ಬಂದಾಗ ಮಡ್ಡಿ ತೆಗೆಯುವುದು, ಹದ ನೋಡುವವನು ಬೆರಳಿನಿಂದ ಪಾಕ ಎಳೆದು ನೋಡುವುದು ಎಲ್ಲರೂ ನಿಂತು ನೋಡುವಂಥದ್ದು. ಒಲೆಯ ಬಾಯಲ್ಲಿ ಕುಳಿತು ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿರುವವನನ್ನು ಯಾರೂ ನೋಡುವುದಿಲ್ಲ. ಅವನು ಈಗೀಗ ಉತ್ತರ ಭಾರತದಿಂದ ದುಡಿಯಲು ಬಂದವನಾಗಿರುತ್ತಾನೆ, ಮಾತಾಡಿಸುವುದಕ್ಕೆ ಭಾಷೆಯೂ ಇರುವುದಿಲ್ಲ. ಮಿಯಾಝಾಕಿ ಸ್ನಾನದ ಮನೆಯ ಕಥೆಯನ್ನು ಆ ಒಲೆಯ ಬಾಯಿಂದ ಶುರುಮಾಡುತ್ತಾರೆ. ಮೇಲಂತಸ್ತಿನ ಯಜಮಾನಿ ಯುಬಾಬಾಳ ಚಿನ್ನದ ಕೋಣೆಗೆ ನಾವು ಹೋಗುವುದು ಆಮೇಲೆ.

ಅದೇ ಚಿತ್ರದಲ್ಲಿ ಕೊಳೆತು ನಾರುವ ಅತಿಥಿಯೊಬ್ಬ ಸ್ನಾನಕ್ಕೆ ಬರುತ್ತಾನೆ. ಎಲ್ಲರೂ ಮೂಗು ಮುಚ್ಚಿಕೊಂಡು ಚಿಹಿರೊಳನ್ನು ಮುಂದಕ್ಕೆ ತಳ್ಳುತ್ತಾರೆ. ಅವಳು ಅವನ ಮೈಯಲ್ಲಿ ಮುಳ್ಳಿನಂತೆ ಚುಚ್ಚಿಕೊಂಡಿದ್ದ ಏನನ್ನೋ ಹಿಡಿದು ಎಳೆಯುತ್ತಾಳೆ. ಅದು ಸೈಕಲ್ಲಿನ ಹ್ಯಾಂಡಲ್. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರೆ ಸೈಕಲ್ಲಿನ ಹಿಂದೆಯೇ ಒಂದು ಗುಡ್ಡದಷ್ಟು ಕಸ ಬರುತ್ತದೆ, ಕೊನೆಗೆ ಉಳಿಯುವುದು ಒಬ್ಬ ನದೀದೇವತೆ. ಮಿಯಾಝಾಕಿ ತಮ್ಮೂರಿನ ಹೊಳೆ ಶುಚಿ ಮಾಡುವವರ ಜೊತೆ ಹೋಗಿ ನಿಜವಾಗಿಯೂ ಒಂದು ಸೈಕಲ್ಲನ್ನು ಕೆಸರಿನಿಂದ ಎಳೆದಿದ್ದರಂತೆ, ಅಲ್ಲಿಂದ ಹುಟ್ಟಿದ ದೃಶ್ಯ ಅದು. ನಾಗಮಂಗಲದ ಕಡೆಯಿಂದ ಇಳಿದು ಬಂದು ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವ ನಮ್ಮ ಲೋಕಪಾವನಿಗೆ ಹೆಸರು ಅಷ್ಟು ದೊಡ್ಡದಿದೆ. ಅದರ ಸೇತುವೆ ದಾಟುವ ಎಷ್ಟು ಜನಕ್ಕೆ ಆ ಹೆಸರು ಗೊತ್ತು ಎಂದು ಯೋಚಿಸಿದರೆ, ಚಿತ್ರದಲ್ಲಿ ಹೆಸರು ಮರೆತ ನದಿಯಾಗಿ ಬರುವ ಹಾಕು ಎಂಬ ಹುಡುಗ ನೆನಪಾಗುತ್ತಾನೆ. ಅವನ ನದಿಯನ್ನು ಮುಚ್ಚಿ ಮನೆಗಳನ್ನು ಕಟ್ಟಿದ್ದಾರೆ. ಅವನಿಗೆ ಹಿಂತಿರುಗಲು ಜಾಗವಿಲ್ಲ.

ಅಕ್ಕನ ಮಗನ ಕಡೆಯೂ ಒಂದು ಮಾತು ಹೇಳಬೇಕು. ಅವನಿಗೆ ಪ್ರಾಣವಾದ 'ಡೀಮನ್ ಸ್ಲೇಯರ್' ನನಗೂ ಹಿಡಿಸಿತು, ಕತ್ತಿವರಸೆಗಲ್ಲ. ನಾಯಕ ತಂಜಿರೊ ಇದ್ದಿಲು ಮಾರುವ ಹುಡುಗ. ಹಿಮದಲ್ಲಿ ಇದ್ದಿಲ ಬುಟ್ಟಿ ಹೊತ್ತು ಬೆಟ್ಟ ಇಳಿದು ಮಾರಿ ಬರುವುದರಿಂದ ಅವನ ಕಥೆ ಶುರು. ಅವನ ತಂದೆ ರೋಗದಿಂದ ಬಡಕಲಾದ ಮನುಷ್ಯ. ಆದರೂ ವರ್ಷಕ್ಕೊಂದು ರಾತ್ರಿ ಬೆಂಕಿಯ ದೇವರಿಗೆ ಹರಕೆಯಾಗಿ, ಹಿಮ ಬೀಳುತ್ತಿದ್ದರೂ, ಕತ್ತಲಾದಾಗಿನಿಂದ ಬೆಳಕು ಹರಿಯುವವರೆಗೆ ಒಂದೇ ಕುಣಿತವನ್ನು ಕುಣಿಯುತ್ತಾನೆ. ಉಸಿರು ಹಿಡಿಯುವ ರೀತಿ ಗೊತ್ತಿದ್ದರೆ ದಣಿವಿಲ್ಲ ಎಂದು ಮಗನಿಗೆ ಹೇಳಿಕೊಡುತ್ತಾನೆ. ಮುಂದೆ ಆ ಮನೆತನದ ಕುಣಿತವೇ ಹುಡುಗನ ಕೈಯ ಕತ್ತಿಗೆ ಇಳಿಯುತ್ತದೆ. ನಮ್ಮಲ್ಲಿ ಪೂಜಾ ಕುಣಿತದವರು ಬಿದಿರಿನ ಆ ಎತ್ತರದ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಗೆ ಹೆಜ್ಜೆ ಹಾಕುವುದನ್ನು ನೋಡಿದವರಿಗೆ ಆ ತಂದೆಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಇದನ್ನು ಹೇಳಿದಾಗ ಹುಡುಗ ಒಪ್ಪಿಕೊಂಡ. ಆದರೆ ಫೈಟನ್ನು ಓಡಿಸಿದ್ದು ಮಾತ್ರ ತಪ್ಪು ಎಂದ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಮರಳಿ ಮರಳಿ ಹೋಗುವುದು ತಕಹಾತರ 'ಓನ್ಲಿ ಯೆಸ್ಟರ್ಡೇ'ಗೆ. 1991ರ ಚಿತ್ರ. ದೆವ್ವವಿಲ್ಲ, ದೇವತೆಯಿಲ್ಲ, ಯಾರೂ ಹಾರುವುದಿಲ್ಲ. ತೈಕೊ ಎಂಬ 27 ವರ್ಷದ ಹೆಣ್ಣುಮಗಳು ಟೋಕಿಯೊದ ಆಫೀಸಿಗೆ ರಜೆ ಹಾಕಿ ಯಮಾಗತ ಸೀಮೆಯ ಹಳ್ಳಿಗೆ ಕುಸುಬೆ ಹೂವು ಬಿಡಿಸಲು ಹೋಗುತ್ತಾಳೆ. ಜೊತೆಗೆ ಅವಳ ಹತ್ತನೇ ವಯಸ್ಸಿನ ನೆನಪುಗಳೂ ರೈಲು ಹತ್ತುತ್ತವೆ. ಅದರಲ್ಲಿ ಮನೆಗೆ ಮೊದಲ ಸಲ ಅನಾನಸ್ ತಂದ ದಿನದ ನೆನಪಿದೆ. ಅದನ್ನು ಕೊಯ್ಯುವುದು ಹೇಗೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಕೊಯ್ದು ಎಲ್ಲರೂ ಬಾಯಿಗಿಟ್ಟರೆ ಅಂದುಕೊಂಡಷ್ಟು ರುಚಿಯಿಲ್ಲ. ದೊಡ್ಡವರು ಒಬ್ಬೊಬ್ಬರೇ ತಟ್ಟೆ ಸರಿಸುತ್ತಾರೆ, ಹುಡುಗಿ ಮಾತ್ರ ಹಟ ಹಿಡಿದು ತಿನ್ನುತ್ತಾಳೆ. ಇಷ್ಟನ್ನೇ ಎಷ್ಟು ಸಾವಧಾನವಾಗಿ ತೋರಿಸಿದ್ದಾರೆಂದರೆ ಅದು ಮುಗಿಯುವ ಹೊತ್ತಿಗೆ ನಮ್ಮ ಬಾಯಿಯೂ ಚುರುಗುಟ್ಟುತ್ತದೆ.

ಕುಸುಬೆ ನಮಗೆ ಹೊಸದಲ್ಲ. ಕಲಬುರಗಿ, ವಿಜಯಪುರದ ಕಡೆ ಎಣ್ಣೆಗೆ ಬೆಳೆಯುತ್ತಾರೆ. ಯಮಾಗತದಲ್ಲಿ ಅದರ ಹೂವಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು, ಶ್ರೀಮಂತರ ಮನೆಯ ಹೆಂಗಸರ ತುಟಿಗೆ. ಗಿಡದ ತುಂಬ ಮುಳ್ಳು. ಹಾಗಾಗಿ ಬಿಡಿಸುವ ಕೆಲಸ ನಸುಕಿನಲ್ಲೇ ಆಗಬೇಕು. ಇಬ್ಬನಿಗೆ ಮುಳ್ಳು ನೆನೆದು ಮೆತ್ತಗಿರುವಾಗ. ರಾತ್ರಿ ರೈಲಿನಲ್ಲಿ ಬಂದಿಳಿದ ತೈಕೊ ಮನೆಗೂ ಹೋಗದೆ ನೇರ ಹೊಲಕ್ಕೆ ಹೋಗುತ್ತಾಳೆ. ಹೂವು ಬಿಡಿಸುವುದು, ತುಳಿಯುವುದು, ಹುಳಿ ಬರಿಸುವುದು, ಕುಟ್ಟುವುದು, ಬಿಲ್ಲೆ ತಟ್ಟಿ ಒಣಗಿಸುವುದು ಎಲ್ಲವೂ ಇದೆ, ಹೂವಿನಿಂದ ಬಣ್ಣದವರೆಗೆ. ಮುಳ್ಳಿಗೆ ಕೈ ಕೊಟ್ಟ ಬಡ ಹುಡುಗಿಯರು ತಾವು ಒಂದು ದಿನವೂ ಆ ಬಣ್ಣ ಹಚ್ಚಿಕೊಳ್ಳಲಿಲ್ಲ ಎಂಬ ಮಾತೂ ಬಂದು ಹೋಗುತ್ತದೆ, ದನಿ ಏರಿಸದೆ.

ಅವಳನ್ನು ಕರೆದೊಯ್ಯಲು ಬಂದ ತೊಶಿಯೊ ಎಂಬ ಯುವಕ ರೈತ ತನ್ನ ಹಳೇ ಸಣ್ಣ ಕಾರಿನಲ್ಲಿ ಹಂಗೆರಿಯ ಹಳ್ಳಿಗಾಡಿನ ಸಂಗೀತ ಹಾಕಿಕೊಂಡಿರುತ್ತಾನೆ. ಯಾಕೆ ಎಂದರೆ, ಅದು ರೈತರ ಸಂಗೀತವಲ್ಲವೇ ಎನ್ನುತ್ತಾನೆ. ಮಂಡ್ಯ ಜಿಲ್ಲೆಯವನಿಗೆ ಜಪಾನಿನ ಬೊಂಬೆ ಚಿತ್ರ ಯಾಕೆ ಎಂದು ಕೇಳುವವರಿಗೆ ನಾನು ಈ ತೊಶಿಯೊನನ್ನು ತೋರಿಸಿ ಸುಮ್ಮನಾಗುತ್ತೇನೆ. ಇದೇ ತೊಶಿಯೊ ಒಂದು ದಿನ, ಬೆಟ್ಟ ಕಾಡು ತೊರೆ ನೋಡಿ ಎಂಥ ಪ್ರಕೃತಿ ಎಂದು ಮೈಮರೆತ ತೈಕೊಳನ್ನು ತಿದ್ದುತ್ತಾನೆ. ನೀನು ನೋಡುತ್ತಿರುವುದೆಲ್ಲ ರೈತರು ಮಾಡಿದ್ದು, ಆ ತೋಪಿಗೂ ಈ ಹಳ್ಳಕ್ಕೂ ಒಂದೊಂದು ಚರಿತ್ರೆಯಿದೆ, ಯಾರದೋ ಮುತ್ತಜ್ಜ ನೆಟ್ಟದ್ದು ಯಾರೋ ತೋಡಿದ್ದು ಎನ್ನುತ್ತಾನೆ. ಪ್ರವಾಸಿಗಳು ಮಂಡ್ಯದ ಹಸಿರನ್ನು ಹೊಗಳುವಾಗೆಲ್ಲ ಈ ಮಾತು ಹೇಳಬೇಕೆನಿಸುತ್ತದೆ. ಈ ಹಸಿರಿನಲ್ಲಿ ತಾನಾಗಿ ಬೆಳೆದದ್ದು ಎಷ್ಟು? ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆಗ ಇರ್ವಿನ್ ನಾಲೆ ಎಂದು ಹೆಸರಿಟ್ಟಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ಹಾದು ಬರುವವರೆಗೆ ಇದು ಬಹುಮಟ್ಟಿಗೆ ರಾಗಿಯ ಸೀಮೆ, ಮಳೆಯ ಕಡೆ ಮುಖ ಮಾಡಿ ಕುಳಿತಿದ್ದ ಸೀಮೆ. ನಾಲೆಗಿಂತ ಎಷ್ಟೋ ಮೊದಲು, ರಾಮಾನುಜಾಚಾರ್ಯರ ಹೆಸರಿಗೆ ಅಂಟಿಕೊಂಡ ತೊಣ್ಣೂರು ಕೆರೆಯನ್ನೂ ಯಾರೋ ಎರಡು ಬೆಟ್ಟದ ನಡುವೆ ಮಣ್ಣು ಹೊತ್ತು ಕಟ್ಟಿದರು. ಹಸಿರು ಬಂದಾಗ ಇನ್ನೊಂದು ಕಡೆ ಹಳೇ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲನ ಗುಡಿಯನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ.

ನಾಲೆಯ ಮಾತು ಬಂತು. ಅನಿಮೆ ಮೆಚ್ಚುವವರಲ್ಲಿ ಹೆಚ್ಚು ಜನ ನೋಡದ ಒಂದು ಚಿತ್ರದ ಬಗ್ಗೆ ಹೇಳಲೇಬೇಕು. 1984ರಲ್ಲಿ ಮಿಯಾಝಾಕಿಯ 'ನೌಸಿಕಾ' ಗೆದ್ದಿತು, ಕೈಯಲ್ಲಿ ದುಡ್ಡು ಬಂತು. ಆ ದುಡ್ಡಿನಲ್ಲಿ ತಕಹಾತರು ಒಂದು ಅನಿಮೆ ಮಾಡಲಿ ಎಂದಾಯಿತು. ಕಥೆಗೆ ಜಾಗ ಹುಡುಕುತ್ತ ಅವರು ಕ್ಯೂಷು ದ್ವೀಪದ ಯಾನಗಾವ ಎಂಬ ಊರಿಗೆ ಹೋದರು. ಊರ ತುಂಬ ನಾಲೆಗಳು. ನಾಲೆ ನೋಡುತ್ತ ನೋಡುತ್ತ ಅನಿಮೆಯ ಕಥೆ ಮರೆತೇ ಹೋಯಿತು. ನಾಲೆಗಳ ಮೇಲೆಯೇ ಎರಡೂವರೆ ಗಂಟೆ ಮೀರಿದ ಸಾಕ್ಷ್ಯಚಿತ್ರ ಮಾಡಿದರು, ಅದು ಮುಗಿದದ್ದು 1987ಕ್ಕೆ. ದುಡ್ಡು ಅದಕ್ಕೂ ಮೊದಲೇ ಮುಗಿದಿತ್ತು. ಆ ಗುಂಡಿ ತುಂಬಲು ಇನ್ನೊಂದು ಸಿನಿಮಾ ಮಾಡದೆ ದಾರಿಯಿರಲಿಲ್ಲ. ಹಾಗೆ ಹೊರಟದ್ದು 'ಲಪುಟ', ಅದನ್ನು ಮಾಡಲು 1985ರಲ್ಲಿ ಹುಟ್ಟಿದ್ದು ಘಿಬ್ಲಿ ಸ್ಟುಡಿಯೊ. ಲೋಕವೆಲ್ಲ ಕೊಂಡಾಡುವ ಆ ಸಂಸ್ಥೆಯ ಬುಡದಲ್ಲಿ ಒಂದು ಊರಿನ ನೀರಿನ ಕಾಲುವೆಗಳಿವೆ ಎಂಬುದು ನಾಲೆಯ ಸೀಮೆಯವನಾದ ನನಗೆ ಬಹಳ ಖುಷಿ ಕೊಡುತ್ತದೆ.

ಯಾನಗಾವದ ಕಥೆ ಹೀಗೆ. 1970ರ ದಶಕದ ಹೊತ್ತಿಗೆ ಮನೆಮನೆಗೆ ನಲ್ಲಿ ಬಂದಿತ್ತು, ನಾಲೆಯನ್ನು ಯಾರೂ ಕೇಳುವವರಿರಲಿಲ್ಲ. ಕಸ ತುಂಬಿ, ಸೊಳ್ಳೆ ತುಂಬಿ, ಗಬ್ಬು ನಾರತೊಡಗಿತು. ಮುಚ್ಚಿ ಕಾಂಕ್ರೀಟು ಹಾಕಿಬಿಡೋಣ ಎಂದು ನಗರಸಭೆ ತೀರ್ಮಾನಿಸಿತು. ಆ ಕೆಲಸ ನೋಡಿಕೊಳ್ಳಬೇಕಾಗಿದ್ದ ಹಿರೊಮಾತ್ಸು ಎಂಬ ಅಧಿಕಾರಿಯೇ ಅಡ್ಡ ನಿಂತ. ನಾಲೆ ಮುಚ್ಚಿದರೆ ಮಳೆಯ ನೀರಿಗೆ ದಾರಿಯಿಲ್ಲ, ನೆಲ ಕುಸಿಯುತ್ತದೆ ಎಂದು ಮೇಯರನ್ನು ಒಪ್ಪಿಸಿದ. ಆಮೇಲೆ ಕೇರಿ ಕೇರಿಗೆ ಹೋಗಿ ಜನರ ಜೊತೆ ಕುಳಿತು ಮಾತಾಡಿದ, ಹೂಳು ತೆಗೆಯಲು ಇಳಿಸಿದ. ತಕಹಾತರ ಕ್ಯಾಮರಾ ಇದನ್ನೆಲ್ಲ ಅವಸರವಿಲ್ಲದೆ ತೋರಿಸುತ್ತದೆ. ನೀರು ಎಲ್ಲಿಂದ ಬರುತ್ತದೆ, ಯಾವ ತೂಬಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾರ ಗದ್ದೆಗೆ ಮೊದಲು, ಯಾರಿಗೆ ಕೊನೆಗೆ ಎಂದು ಬಿಡಿಸಿ ಹೇಳಲು ನಡುನಡುವೆ ಬಿಡಿಸಿದ ಚಿತ್ರಗಳೂ ಇವೆ. ಮೇಲಿನವರು ಗದ್ದೆ ತುಂಬಿಸಿಕೊಂಡು ತೂಬು ಮುಚ್ಚದೆ ಮಲಗಿದರೆ ಕೊನೇ ಭಾಗದವರ ಪೈರು ಒಣಗುತ್ತದೆ ಎಂಬುದು ನಮ್ಮಲ್ಲಿ ಪ್ರತಿ ಬೆಳೆಗೂ ಜಗಳವಾಗುವ ವಿಷಯ. ಅದನ್ನು ಕುರಿತು ಲೋಕದ ದೊಡ್ಡ ನಿರ್ದೇಶಕನೊಬ್ಬ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಎಂದು ಹೇಳಿದರೆ ನಮ್ಮೂರ ನೀರುಗಂಟಿ ನಂಬುವುದಿಲ್ಲ.

ನಾಲೆಯ ಪಕ್ಕದಲ್ಲಿ ಬದುಕುವವರಿಗೆ 'ಮೈ ನೇಬರ್ ತೊತೊರೊ' ಮುದ್ದಿನ ಸಿನಿಮಾ ಮಾತ್ರ ಆಗಿ ಉಳಿಯಲಾರದು. 1988ರ ಏಪ್ರಿಲ್ 16ರಂದು ತಕಹಾತರ ಯುದ್ಧದ ಚಿತ್ರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಜೊತೆಗೇ ಜಪಾನಿನ ಚಿತ್ರಮಂದಿರಗಳಿಗೆ ಬಂದದ್ದು ಇದು. ಒಂದರಲ್ಲಿ ಪುಟ್ಟ ತಂಗಿ ಅಣ್ಣನ ಆಸರೆಯಲ್ಲಿದ್ದೂ ಸಾಯುತ್ತಾಳೆ, ಇನ್ನೊಂದರಲ್ಲಿ ಪುಟ್ಟ ತಂಗಿ ಕಳೆದುಹೋಗಿ ಸಿಗುತ್ತಾಳೆ. ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಕೊಡಬೇಕೆಂದು ಅಜ್ಜಿ ಬೆಳೆದ ಒಂದು ಮುಸುಕಿನ ಜೋಳದ ತೆನೆ ತಬ್ಬಿಕೊಂಡು ನಾಲ್ಕು ವರ್ಷದ ಮೇ ಒಬ್ಬಳೇ ಹೊರಟುಬಿಡುತ್ತಾಳೆ. ಸಂಜೆಯಾದರೂ ಪತ್ತೆಯಿಲ್ಲ. ಕೆರೆಯಲ್ಲಿ ಒಂದು ಸಣ್ಣ ಚಪ್ಪಲಿ ಸಿಗುತ್ತದೆ. ಊರ ಗಂಡಸರು ಉದ್ದ ಗಳು ಹಿಡಿದು ಕೆರೆಯ ತಳ ಕೆದಕುತ್ತಾರೆ. ದಡದಲ್ಲಿ ಅಜ್ಜಿ ಆ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ನಡುಗುತ್ತ ದೇವರ ನಾಮ ಹೇಳುತ್ತಾಳೆ. ಅಕ್ಕ ಓಡಿ ಬಂದು ನೋಡಿ, ಇದು ಮೇಯದಲ್ಲ ಎನ್ನುತ್ತಾಳೆ.

ಈ ದೃಶ್ಯವನ್ನು ನನ್ನ ಜೊತೆ ನೋಡಿದ ಅವ್ವ ಎದ್ದು ಹೋದಳು. 2018ರ ನವೆಂಬರ್ 24, ಶನಿವಾರ, ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆಯ ಏರಿಯ ಮೇಲೆ ಚಪ್ಪಲಿ, ಬ್ಯಾಗು ನೋಡಿದ ಸೀಮೆ ಇದು. ಮಿಯಾಝಾಕಿ ಆ ಅಜ್ಜಿಯ ಕೈ ನಡುಗುವುದನ್ನು ಬಿಡಿಸುವಾಗ ಅವರ ಮನಸ್ಸಿನಲ್ಲಿ ಯಾವ ಊರಿತ್ತೋ. ಅವ್ವನ ಪಾಲಿಗೆ ಅದು ಇಲ್ಲಿನದು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದಲೇ ಕೇಳಿದಳು, "ಸಿಕ್ತಾ ಮಗ?" ಸಿಕ್ಕಳು ಎಂದೆ. ಬಂದು ಕುಳಿತು ಉಳಿದದ್ದನ್ನು ನೋಡಿದಳು. ಹನ್ನೆರಡು ಕಾಲಿನ ಬೆಕ್ಕು ಬಸ್ಸಾಗಿ ಬಂದು ಅಕ್ಕತಂಗಿಯರನ್ನು ಹೊತ್ತೊಯ್ಯುವುದು ಅವಳಿಗೆ ಒಂದಿಷ್ಟೂ ವಿಚಿತ್ರವೆನಿಸಲಿಲ್ಲ. ಆ ಹುಡುಗಿ ಬೆಳಿಗ್ಗೆ ಎದ್ದು ಅಪ್ಪನಿಗೂ ತಂಗಿಗೂ ಊಟದ ಡಬ್ಬಿ ಕಟ್ಟುತ್ತಾಳಲ್ಲ, ಅದನ್ನು ಮಾತ್ರ ಎರಡು ಸಲ ಹೇಳಿದಳು.

'ಸಿಲ್ವರ್ ಸ್ಪೂನ್' ಹೆಸರು ನಮ್ಮ ಕಡೆ ಅಷ್ಟು ಕೇಳಿಬರುವುದಿಲ್ಲ. ಕೇಳಿಬರಬೇಕು. ಬರೆದವರು ಹಿರೊಮು ಅರಕಾವ, 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಖ್ಯಾತಿಯವರು, ಹೊಕ್ಕೈಡೊದ ಹೈನುಗಾರರ ಮನೆಯ ಮಗಳು. 2013ರಲ್ಲಿ ಟಿವಿಗೆ ಬಂತು. ಪಟ್ಟಣದ ಓದಿನ ಪೈಪೋಟಿಯಲ್ಲಿ ಸೋತು ಸುಣ್ಣವಾದ ಹಚಿಕೆನ್ ಎಂಬ ಹುಡುಗ ಕೃಷಿ ಶಾಲೆಗೆ ಸೇರುತ್ತಾನೆ. ಒಂದು ಬಡಕಲು ಹಂದಿಮರಿಯನ್ನು ಸಾಕುತ್ತಾನೆ. ಅದಕ್ಕೆ ಹೆಸರಿಡಬೇಡ ಎಂದು ಎಲ್ಲರೂ ಹೇಳಿದರೂ ಕೇಳದೆ ಮಾಂಸದೂಟದ ಹೆಸರನ್ನೇ ಇಡುತ್ತಾನೆ. ಅದು ಬೆಳೆದು ಕಸಾಯಿಖಾನೆಗೆ ಹೋದಾಗ ಅದರ ಮಾಂಸವನ್ನು ತಾನೇ ಕೊಂಡುಕೊಳ್ಳುತ್ತಾನೆ. ಇಷ್ಟು ನೇರವಾಗಿ ಮಕ್ಕಳಿಗೆ ಈ ವಿಷಯ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನ ಗೆಳೆಯ ಕೊಮಾಬನ ಮನೆಯಲ್ಲಿ ಹಸುಗಳಿವೆ, ಜೊತೆಗೆ ಸಾಲವಿದೆ. ಬೇಸ್‌ಬಾಲ್ ಆಡಿ ದೊಡ್ಡವನಾಗಿ ಸಾಲ ತೀರಿಸುತ್ತೇನೆಂದು ಹೊರಟವನು ಪಂದ್ಯ ಸೋಲುತ್ತಾನೆ, ಕೊಟ್ಟಿಗೆ ಖಾಲಿಯಾಗುತ್ತದೆ, ಹುಡುಗ ಶಾಲೆ ಬಿಡುತ್ತಾನೆ. ಕೊನೆಗಳಿಗೆಯಲ್ಲಿ ಯಾರೂ ಬಂದು ಉಳಿಸುವುದಿಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರಾದ ಮೇಲೊಬ್ಬರು ಪ್ರಾಣ ಕಳೆದುಕೊಂಡ ದಿನಗಳನ್ನು ಕಂಡವರು ಆ ಖಾಲಿ ಕೊಟ್ಟಿಗೆಯ ಮುಂದೆ ಏನನ್ನೂ ಹೊಸದಾಗಿ ತಿಳಿಯಬೇಕಿಲ್ಲ. ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಯೂ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಇದನ್ನು ಕಥೆ ಮಾಡಿದವರು ನಮ್ಮಲ್ಲಿ ಕಡಿಮೆ. ಮಾಡಿದರೂ ಕೊನೆಗೆ ನಾಯಕ ಬಂದು ಸಾಲ ತೀರಿಸಿಬಿಡುತ್ತಾನೆ.

ಕೆಲಸವನ್ನು ಇಷ್ಟು ಗೌರವದಿಂದ ತೋರಿಸುವ ಈ ಚಿತ್ರಗಳನ್ನು ಮಾಡುವ ಕೈಗಳ ಪಾಡು ಏನು ಎಂಬುದನ್ನೂ ಅಭಿಮಾನಿಯಾದವನು ಕೇಳಿಕೊಳ್ಳಬೇಕು. 'ದ ವಿಂಡ್ ರೈಸಸ್' ಚಿತ್ರದಲ್ಲಿ ಭೂಕಂಪದ ಹೊತ್ತಿನ ಜನಸಂದಣಿಯ ಒಂದು ದೃಶ್ಯವಿದೆ. ತೆರೆಯ ಮೇಲೆ 4 ಸೆಕೆಂಡು. ಅದನ್ನು ಬಿಡಿಸಲು ಒಬ್ಬ ಕಲಾವಿದನಿಗೆ 1 ವರ್ಷ 3 ತಿಂಗಳು ಹಿಡಿಯಿತು. ಇದನ್ನು ಕೇಳಿದಾಗ ಮೊದಲು ಮೈ ಜುಮ್ಮೆನ್ನುತ್ತದೆ, ಆಮೇಲೆ ಕಸಿವಿಸಿಯಾಗುತ್ತದೆ. 'ಓನ್ಲಿ ಯೆಸ್ಟರ್ಡೇ'ಯಲ್ಲಿ ತೈಕೊ ನಕ್ಕಾಗ ಕೆನ್ನೆಯ ಮೇಲೆ ಮೂಡುವ ಗೆರೆಗಳು ಹೆಸರುವಾಸಿ. ಮಾತುಗಳನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ನಟರ ಮುಖದ ಸ್ನಾಯು ನೋಡಿ ಬಿಡಿಸಿದ್ದು. ಆ ಕೆಲಸದ ಮೇಲ್ವಿಚಾರಣೆ ಹೊತ್ತಿದ್ದವರು ಯೊಶಿಫುಮಿ ಕೊಂದೊ. ಮಿಯಾಝಾಕಿಯ ಉತ್ತರಾಧಿಕಾರಿ ಎಂದು ಎಲ್ಲರೂ ಅಂದುಕೊಂಡಿದ್ದ ಅವರು 1998ರಲ್ಲಿ, 47ರ ವಯಸ್ಸಿನಲ್ಲಿ ತೀರಿಕೊಂಡರು. ಅತಿಯಾದ ದುಡಿಮೆಯೇ ಅವರನ್ನು ತಿಂದಿತು ಎಂದು ಜೊತೆಗಿದ್ದವರೇ ಹೇಳಿದ್ದುಂಟು. ಚಿತ್ರ ಚೆನ್ನಾಗಿದೆ ಎಂಬ ಕಾರಣಕ್ಕೆ ಈ ಲೆಕ್ಕವನ್ನು ನಾನು ಬದಿಗಿಡಲಾರೆ. ಹಾಗೆಂದು ಆ ಕೆನ್ನೆಯ ಗೆರೆ ಇಲ್ಲದಿದ್ದರೂ ನಡೆಯುತ್ತಿತ್ತು ಎಂದೂ ಹೇಳಲಾರೆ.

ಇನ್ನು ಭಾಷೆ. ಜಪಾನಿನ ಯುಗೊ ಸಾಕೊ ರಾಮಾಯಣದ ನೆಲೆಗಳ ಉತ್ಖನನದ ಬಗ್ಗೆ ಚಿತ್ರ ಮಾಡಲು 1983ರಲ್ಲಿ ಭಾರತಕ್ಕೆ ಬಂದವರು ರಾಮಾಯಣದಲ್ಲೇ ಸಿಕ್ಕಿಕೊಂಡರು. ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆಗೂಡಿ ಪೂರ್ತಿ ರಾಮಾಯಣವನ್ನು ಅನಿಮೆ ಮಾಡಿದರು. 1993ರಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ತೋರಿಸಿದರೂ ಆಗ ದೇಶದ ಚಿತ್ರಮಂದಿರಗಳಿಗೆ ಸರಿಯಾಗಿ ಬರಲಿಲ್ಲ. ಬಂದದ್ದು 2025ರ ಜನವರಿ 24ರಂದು, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಸಿನಿಮಾ ಬಂದಾಗಲೂ ಹಿಂದಿ, ತಮಿಳು, ತೆಲುಗು ಇತ್ತು. ಸೀತೆಯ ಬಾಯಾರಿಕೆಗೆ ರಾಮ ಬಾಣ ಬಿಟ್ಟ ಜಾಗವೆಂದು ಮೇಲುಕೋಟೆಯ ಧನುಷ್ಕೋಟಿಯನ್ನೂ, ಪಾಂಡವರು ಇದ್ದು ಹೋದರೆಂದು ಕುಂತಿಬೆಟ್ಟವನ್ನೂ ತೋರಿಸುವ ತಾಲ್ಲೂಕಿನಲ್ಲಿ ಕುಳಿತು ಆ ರಾಮಾಯಣವನ್ನು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ನೋಡಬೇಕಾಯಿತು. ಡಬ್ಬಿಂಗಿಗೆ ಕನ್ನಡ ಚಿತ್ರರಂಗ ದಶಕಗಳ ಕಾಲ ಬಾಗಿಲು ಹಾಕಿದ್ದಕ್ಕೆ ಅದರದೇ ಕಾರಣಗಳಿದ್ದವು, ಅದರಿಂದ ಇಲ್ಲಿನ ಕಲಾವಿದರಿಗೆ ಅನ್ನ ಸಿಕ್ಕಿದ್ದೂ ನಿಜ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದು ಎಂದಿತು, 2017ರಿಂದ ಡಬ್ಬಿಂಗ್ ಸಿನಿಮಾಗಳು ಬರತೊಡಗಿದವು. ದೊಡ್ಡವರ ಹೊಡೆದಾಟಗಳೆಲ್ಲ ಕನ್ನಡಕ್ಕೆ ಬಂದವು. ತೊತೊರೊ ಬರಲಿಲ್ಲ.

ಬಂದರೆ ಪುಸ್ತಕದ ಕನ್ನಡದಲ್ಲಿ ಬರುವುದು ನನಗೆ ಬೇಡ. ಆ ಅಜ್ಜಿ ಮಕ್ಕಳಿಗೆ ತೊರೆಯಲ್ಲಿ ತಣ್ಣಗೆ ನೆನೆಸಿಟ್ಟ ಸೌತೆಕಾಯಿ ಕೊಡುವಾಗ "ತಕಳ್ರವ್ವ, ವಸಿ ತಿನ್ನಿ" ಎನ್ನಬೇಕು. ಕಮಾಜಿ ಒಲೆಯ ಮುಂದೆ "ಇಡ್ದ ಕೆಲ್ಸವ ಮುಗ್ಸವ್ವ, ನಡ್ದಾರೀಲಿ ಮಡಗ್ಬ್ಯಾಡ" ಎಂದು ಗದರಬೇಕು. ಯುಬಾಬಾ ಮಾತ್ರ ಬೆಂಗಳೂರು ಕನ್ನಡ ಆಡಲಿ, ನಡುನಡುವೆ ಇಂಗ್ಲಿಷ್ ಬೆರೆಸಿ. ತೊಶಿಯೊ ಕೆ.ಆರ್. ಪೇಟೆ ಕಡೆಯವನು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದರೆ ಅವನು ನಕ್ಕ. ಜಪಾನಿ ದನಿಯಲ್ಲಿ ಕೇಳದಿದ್ದರೆ ಅದು ಅನಿಮೆಯೇ ಅಲ್ಲ ಮಾವ, ಸಬ್‌ಟೈಟಲ್ ಇದೆಯಲ್ಲ, ಓದ್ಕೊ ಎಂದ. ನಿಮ್ಮಜ್ಜಿ ಹೇಗೆ ಓದ್ತಾಳೋ ಎಂದೆ. ಅದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ಅವ್ವನ ಹತ್ತಿರ ಇತ್ತು. "ನೀವಿಬ್ರೂ ಕಿತ್ತಾಡ್ಕಬ್ಯಾಡಿ. ನಾಟಿ ಮಾಡೋಕೆ, ಅನ್ನ ಬಡ್ಸೋಕೆ ಯಾವ್ ಬಾಸೆ ಬೇಕು? ಮಾತ್ ಬಂದಾಗ ಮಾತ್ರ ವಸಿ ಹೇಳ್ತಾ ಹೋಗು." ಈಗ ಹಾಗೆಯೇ ನಡೆದಿದೆ. ಮಾತು ಬಂದಾಗ ಹುಡುಗ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಅವಳಿಗೆ ಹೇಳುತ್ತೇವೆ, ಒಂದೊಂದು ಸಲ ಬೇರೆ ಬೇರೆ ಅರ್ಥ ಹೇಳಿ ಸಿಕ್ಕಿಬೀಳುತ್ತೇವೆ.